ಯಾರ ದೀಪ ಯಾರ ಮೇಜಿನಲ್ಲಿ

ದೂರವಾಣಿಯವರ ಕೆಲಸವೆಂದರೆ ಮಾತನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಎಂದು ಜನ ತಿಳಿದಿದ್ದಾರೆ. ಅದು ಅರ್ಧ ಕೆಲಸ ಮಾತ್ರ. ಉಳಿದ ಅರ್ಧ ಮಾತು ಶುರುವಾಗುವ ಮೊದಲೇ ನಡೆದುಹೋಗುತ್ತದೆ. ಆ ಕಡೆಯಲ್ಲಿ ಫೋನು ಇದೆಯೋ, ಇದ್ದರೆ ಬಿಡುವಾಗಿದೆಯೋ, ಗಂಟೆ ಬಾರಿಸುತ್ತಿದೆಯೋ, ಯಾರಾದರೂ ಎತ್ತಿದರೋ. ಇವು ಮಾತಲ್ಲ, ಸುದ್ದಿ. ನನ್ನ ನೌಕರಿಯೆಲ್ಲ ಈ ಸುದ್ದಿಗಳ ನಡುವೆ ಕಳೆಯಿತು. ನಿವೃತ್ತಿಯಾದ ಮೇಲೂ ಅದನ್ನೇ ಮಾಡುತ್ತಿದ್ದೇನೆ. ತಾಮ್ರದ ತಂತಿಯ ಜಾಗಕ್ಕೆ ಇಂಟರ್‌ನೆಟ್ಟು ಬಂದಿದೆ, ಅಷ್ಟೆ.

ನಮ್ಮದು ಪೂಜೆಯ ಮನೆತನ. ತಂದೆ ಅರ್ಚಕರಾಗಿದ್ದರು, ಈಗ ಅಣ್ಣ. ನಾನು ಗಂಟೆ ಹಿಡಿಯುವ ಬದಲು ಫೋನು ಹಿಡಿದೆ ಎಂದು ಜೆಪ್ಪುವಿನ ನೆಂಟರು ಇಂದಿಗೂ ತಮಾಷೆ ಮಾಡುತ್ತಾರೆ. ಆದರೆ ಶಿಸ್ತು ಎರಡು ಕಡೆಯೂ ಒಂದೇ. ತಂದೆಯ ಕಾಲದಲ್ಲಿ ಒಂದು ಕ್ರಮವಿತ್ತು. ಮಧ್ಯಾಹ್ನದ ಪೂಜೆ ಮುಗಿದ ಸುದ್ದಿ ಕೆಲವು ಮನೆಗಳಿಗೆ ತಲುಪಬೇಕಾಗಿತ್ತು. ಅಲ್ಲಿಯ ಹಿರಿಯರು ಪೂಜೆಯಾಗದೆ ಊಟ ಮಾಡುತ್ತಿರಲಿಲ್ಲ. ಸುದ್ದಿ ಬೇಕಾದವರು ಪ್ರತಿ ಸಂಕ್ರಮಣದಂದು ಬಂದು ತಂದೆಗೆ ಹೇಳಿಹೋಗಬೇಕು. ಹೇಳಿದರೆ ಆ ತಿಂಗಳು ಪೂರ್ತಿ ಸುದ್ದಿ ಹೋಗುತ್ತಿತ್ತು. ಮುಂದಿನ ಸಂಕ್ರಮಣಕ್ಕೆ ಬಾರದಿದ್ದರೆ ನಿಂತಿತು. ಯಾರಿಗಾದರೂ ಬೇಸರವಾದರೆ ತಂದೆ ಹೇಳುತ್ತಿದ್ದುದು ಇಷ್ಟೆ: ಬೇಕು ಎನ್ನುವವರು ಬೇಕು ಎಂದು ಹೇಳಬೇಕು, ಹೇಳಿದ್ದನ್ನು ಕಾಲಕಾಲಕ್ಕೆ ಮತ್ತೆ ಹೇಳಬೇಕು.

ಇಂಟರ್‌ನೆಟ್ ಫೋನುಗಳ ಕ್ರಮವನ್ನು ಕಲಿಯಲು ಕುಳಿತಾಗ ನನಗೆ ಕಷ್ಟವಾಗದಿರಲು ಇದೇ ಕಾರಣ. ಒಂದು ಫೋನಿಗೆ ಇನ್ನೊಂದರ ಸ್ಥಿತಿ ತಿಳಿಯಬೇಕಾದರೆ ಅದು ಮೊದಲು ಕೇಳಬೇಕು. ಯಾವ ಬಗೆಯ ಸುದ್ದಿ ಬೇಕು, ಎಷ್ಟು ಹೊತ್ತಿನವರೆಗೆ ಬೇಕು ಎಂದು ಸ್ಪಷ್ಟವಾಗಿ ಹೇಳಬೇಕು. ಪತ್ರಿಕೆಗೆ ಚಂದಾ ಕಟ್ಟಿದ ಹಾಗೆ. ಕೇಳಿಸಿಕೊಂಡ ಫೋನು ಒಪ್ಪಬಹುದು, ಒಪ್ಪದಿರಬಹುದು. ಒಂದು ಗಂಟೆಯ ಅವಧಿಗೆ ಕೇಳಿದರೆ ಅರ್ಧ ಗಂಟೆಯ ಅವಧಿಗೆ ಮಾತ್ರ ಒಪ್ಪಬಹುದು. ಆದರೆ ಕೇಳಿದ್ದಕ್ಕಿಂತ ಹೆಚ್ಚು ಹೊತ್ತು ಕೊಡುವಂತಿಲ್ಲ. ಒಪ್ಪಿದ ಕೂಡಲೇ ಸದ್ಯದ ಸ್ಥಿತಿ ಏನೆಂದು ಒಮ್ಮೆ ತಿಳಿಸಬೇಕು, ಆಮೇಲೆ ಬದಲಾದಾಗಲೆಲ್ಲ ತಿಳಿಸುತ್ತಿರಬೇಕು. ಅವಧಿ ಮುಗಿಯುವ ಮುನ್ನ ಮತ್ತೆ ಕೇಳದಿದ್ದರೆ ಸುದ್ದಿ ನಿಲ್ಲುತ್ತದೆ. ಇದನ್ನು ಬರೆದವರು ಯಾವ ದೇಶದವರೋ ನನಗೆ ಗೊತ್ತಿಲ್ಲ. ಶಿಸ್ತಿನ ಮನೆಯಲ್ಲಿ ಬೆಳೆದವರು ಎಂಬುದರಲ್ಲಿ ಅನುಮಾನವಿಲ್ಲ.

ಬಂದರಿನಲ್ಲಿ ಮೀನುಗಾರಿಕೆಯ ಹಗ್ಗ, ಬಲೆ, ಟಾರ್ಪಾಲು ಮಾರುವ ಒಂದು ಹಳೆಯ ಅಂಗಡಿಯಿದೆ. ಅದರ ಯಜಮಾನರು ಹಜ್ ಮಾಡಿ ಬಂದವರು. ಬಂದರಿನವರೆಲ್ಲ ಅವರನ್ನು ಹಾಜಿಗಳು ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ. ಅವರು ನನ್ನನ್ನು ಭಟ್ರೇ ಎನ್ನುತ್ತಾರೆ. ನಾನು ಒಂದು ದಿನವೂ ಪೂಜೆ ಮಾಡಿದವನಲ್ಲ ಎಂದು ಎಷ್ಟು ಸಲ ಹೇಳಿದರೂ ಪ್ರಯೋಜನವಿಲ್ಲ. ಇಲಾಖೆಯಲ್ಲಿದ್ದಾಗ ಅವರ ಮೊದಲ ಫೋನಿನ ಸಂಪರ್ಕ ಕೊಟ್ಟದ್ದು ನಾನೇ. ಹಾಗಾಗಿ ಅವರ ಹಿರಿಯ ಮಗ ಗಲ್ಫ್‌ನಿಂದ ಮರಳಿ ಕೊಟ್ಟಾರದಲ್ಲಿ ಹೆದ್ದಾರಿಯ ಬದಿಗೆ ಹೊಸ ಆಫೀಸು ತೆರೆದಾಗ ಫೋನಿನ ಕೆಲಸ ನನ್ನ ಪಾಲಿಗೇ ಬಂತು.

ಮೂರು ಕಡೆ ಫೋನು ಇಡಬೇಕಿತ್ತು. ಬಂದರಿನ ಅಂಗಡಿಯಲ್ಲಿ ಹಾಜಿಗಳ ಮೇಜಿಗೆ ಒಂದು, ಕೊಟ್ಟಾರದಲ್ಲಿ ಹಿರಿಯ ಮಗನಿಗೆ ಒಂದು, ಕೂಳೂರಿನ ಮನೆಯಲ್ಲಿ ಕಿರಿಯ ಸೊಸೆಗೆ ಒಂದು. ಮೂರೂ ಒಂದೇ ಎಕ್ಸ್‌ಚೇಂಜಿನ ಕೆಳಗೆ. ಎಲ್ಲಿಂದ ಮಾಡಿದರೂ ಗಿರಾಕಿಗೆ ಕಾಣುವುದು ಅಂಗಡಿಯ ಹಳೆಯ ನಂಬರೇ.

ಕೂಳೂರಿನ ಫೋನೇ ಅತ್ಯಂತ ಮುಖ್ಯವಾದದ್ದು. ಆರ್ಡರುಗಳನ್ನೆಲ್ಲ ತೆಗೆದುಕೊಳ್ಳುತ್ತಿದ್ದವಳು ಆ ಸೊಸೆ. ಬಿಕಾಂ ಓದಿದ ಹೆಣ್ಣುಮಗಳು, ಮಾತು ಖಡಕ್ಕು. ಅಂಗಡಿಗೆ ಬಂದು ಕೆಲಸ ಮಾಡುವ ಹಾಗಿರಲಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯಿದ್ದರು, ಅವರನ್ನು ಬಿಟ್ಟು ಹೊರಡಲಾಗುತ್ತಿರಲಿಲ್ಲ. ಅತ್ತೆಯ ಕೋಣೆಯ ಬಾಗಿಲು ಕಾಣುವ ಹಾಗೆ ಹಜಾರದಲ್ಲಿ ಮೇಜು ಹಾಕಿಕೊಂಡಿದ್ದಳು. ಆ ಮೇಜು ಇದ್ದರೆ ಅವಳಿಗೆ ಕೆಲಸವಿದೆ, ಇಲ್ಲದಿದ್ದರೆ ಇಲ್ಲ. ಗಂಡ ಗೋದಾಮು ನೋಡಿಕೊಳ್ಳುತ್ತಿದ್ದ. ಅವನು ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ.

ಹಿರಿಯ ಮಗನಿಗೆ ಬೇಕಾದದ್ದನ್ನು ಅವನು ಮೊದಲ ದಿನವೇ ಹೇಳಿದ.

"ಅಲ್ಲಿ ನಮ್ಮ ಕಂಪನಿಯಲ್ಲಿ ಒಂದೇ ಸ್ಕ್ರೀನಿನಲ್ಲಿ ಎಲ್ಲ ಕಾಣ್ತಿತ್ತು ಸಾರ್. ಯಾರು ಫೋನಿನಲ್ಲಿದ್ದಾರೆ, ಯಾರ ಹತ್ರ ಮಾತಾಡ್ತಾರೆ, ಎಷ್ಟು ಹೊತ್ತು. ನಂಗೆ ಹಾಗೆ ಬೇಕು."

"ದೀಪ ಹಾಕಿ ಕೊಡ್ತೇನೆ," ಎಂದೆ. "ಬಿಡುವಾಗಿದ್ರೆ ಹಸಿರು, ಮಾತಾಡ್ತಾ ಇದ್ರೆ ಕೆಂಪು."

"ನಂಬರೂ ಬರ್ಬೇಕು."

"ಅದಕ್ಕೂ ವ್ಯವಸ್ಥೆ ಉಂಟು. ಆದ್ರೆ ಅದು ಬೇರೆ ಬಗೆಯ ಸುದ್ದಿ. ಬೇಕಾ ಅಂತ ಒಮ್ಮೆ ಯೋಚನೆ ಮಾಡಿ."

"ಯೋಚನೆ ಎಲ್ಲ ಆಗಿದೆ ಸಾರ್."

ಅವನು ಗಲ್ಫ್‌ನಿಂದ ಪೆಟ್ಟಿಗೆಯಲ್ಲಿ ತಂದಿದ್ದ ಫೋನು ಮೊದಲು ಹಟ ಮಾಡಿತು. ಅದು ದೀಪಕ್ಕೆ ಬೇಕಾದ ಸುದ್ದಿಯನ್ನು ತನ್ನ ಕಂಪನಿಯವರು ಇಟ್ಟ ಹೆಸರಿನಲ್ಲಿ ಕೇಳುತ್ತಿತ್ತು. ಎಕ್ಸ್‌ಚೇಂಜು ಪ್ರತಿ ಸಲವೂ, ಆ ಬಗೆಯ ಸುದ್ದಿ ನನ್ನಲ್ಲಿಲ್ಲ, ನನ್ನಲ್ಲಿರುವುದು ಇಂತಿಂಥವು ಎಂದು ತಿಳಿಸಿ ಮರಳಿ ಕಳಿಸುತ್ತಿತ್ತು. ಫೋನು ಅದನ್ನು ಓದಿ ತಿದ್ದಿಕೊಳ್ಳದೆ ಮತ್ತೆ ಅದನ್ನೇ ಕೇಳುತ್ತಿತ್ತು. ಹಾಜಿಗಳು ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು.

"ಎಂತ ಭಟ್ರೇ, ಎರಡಕ್ಕೂ ಮಾತು ಬಿಟ್ಟಿದೆಯಾ?"

"ಇಲ್ಲ ಹಾಜಿಗಳೇ. ಇದು ಹೋಟೆಲಿಗೆ ಹೋಗಿ ಇಲ್ಲದ ತಿಂಡಿ ಕೇಳ್ತಾ ಉಂಟು. ಅವರು ಎಂತೆಲ್ಲ ಉಂಟು ಅಂತ ಹೇಳಿದ್ರೂ ಇದಕ್ಕೆ ಕಿವಿ ಇಲ್ಲ."

"ನಮ್ಮ ದೊಡ್ಡವನದ್ದೇ ಫೋನಲ್ವಾ," ಎಂದು ಅವರು ನಕ್ಕರು. ಮಗನೂ ನಕ್ಕ. ನಾನು ಫೋನಿನ ಒಳಗೆ ಹೋಗಿ ಕೇಳುವ ಹೆಸರನ್ನು ಬದಲಿಸಿದೆ. ದೀಪ ಹತ್ತಿತು. ಕೂಳೂರಿನಲ್ಲಿ ಸೊಸೆ ಫೋನು ಎತ್ತಿದಾಗ ಕೊಟ್ಟಾರದಲ್ಲಿ ಕೆಂಪಾಗುತ್ತಿತ್ತು, ದೀಪದ ಪಕ್ಕದಲ್ಲಿ ಆಚೆ ಕಡೆಯವರ ನಂಬರು ಬರುತ್ತಿತ್ತು. ಅಂಥದೇ ಒಂದು ದೀಪವನ್ನು ಹಾಜಿಗಳ ಮೇಜಿಗೂ ಹಾಕಿದೆ.

ಕೆಲಸ ಮುಗಿಸಿ ಬಂದೆ. ಆಷಾಢದ ಮಳೆ. ಬೋಟುಗಳನ್ನೆಲ್ಲ ಬಂದರಿನ ದಕ್ಕೆಯಲ್ಲಿ ಕಟ್ಟಿಹಾಕಿದ್ದರು. ಮಳೆಗಾಲದ ರಜೆ ಮುಗಿಯುವ ಮುನ್ನ ಎಲ್ಲರೂ ಬಲೆ ಹೊಸದು ಮಾಡಿಸುತ್ತಾರೆ, ಹಗ್ಗ ಬದಲಿಸುತ್ತಾರೆ. ಆ ಅಂಗಡಿಗೆ ವರ್ಷದ ವ್ಯಾಪಾರ ಬರುವುದು ಅದೇ ವಾರಗಳಲ್ಲಿ.

ಇಲ್ಲಿ ಆ ಅಂಗಡಿಯ ಒಂದು ಪದ್ಧತಿಯನ್ನು ಹೇಳಬೇಕು. ಬಂದರಿನ ಓಣಿ ಸಣ್ಣದು. ಸಾಮಾನು ಕಟ್ಟುವ ಮೊದಲೇ ಟೆಂಪೋ ಬಂದು ನಿಂತರೆ ಹಿಂದೆ ಇಡೀ ಓಣಿ ನಿಲ್ಲುತ್ತದೆ, ಹಮಾಲಿಗಳು ಬೈಯುತ್ತಾರೆ. ಅದಕ್ಕಾಗಿ ಸಾಮಾನು ಕಟ್ಟಿ ಬಾಗಿಲಿಗೆ ತಂದಾದ ಮೇಲೆ ಅಂಗಡಿಯ ನಂಬರಿನಿಂದ ಗಿರಾಕಿಗೆ ಒಂದೇ ಒಂದು ರಿಂಗ್ ಹೋಗುತ್ತದೆ. ಎತ್ತಲಿಕ್ಕಿಲ್ಲ. ಒಂದು ರಿಂಗ್ ಬಂತೆಂದರೆ ಟೆಂಪೋ ಹೊರಡಿಸಿ ಎಂದರ್ಥ. ಉಳ್ಳಾಲದಿಂದ ತಣ್ಣೀರುಬಾವಿಯವರೆಗೆ ಎಲ್ಲ ಬೋಟಿನವರಿಗೂ ಇದು ಗೊತ್ತು. ಗೋದಾಮಿನಿಂದ ಗಂಡ ಹೇಳಿದಾಗ ಆ ರಿಂಗ್ ಕೊಡುತ್ತಿದ್ದವಳು ಕೂಳೂರಿನಲ್ಲಿ ಕುಳಿತ ಸೊಸೆ.

ದೀಪ ಹಾಕಿದ ಕೆಲವು ದಿನಕ್ಕೆ ಅವಳೇ ನನಗೆ ಫೋನು ಮಾಡಿದಳು.

"ಸಾರ್, ಆ ದೀಪವನ್ನು ತೆಗೀಲಿಕ್ಕೆ ಆಗ್ತದಾ?"

"ಯಾಕಮ್ಮ?"

"ನಾನು ಫೋನಿಟ್ಟ ಕೂಡ್ಲೇ ಭಾವನ ಫೋನು ಬರ್ತದೆ. ಉಳ್ಳಾಲದವರ ಹತ್ರ ಇಷ್ಟು ಹೊತ್ತು ಎಂತ ಮಾತಾಡ್ಲಿಕ್ಕುಂಟು ಅಂತ. ಸಾರ್, ಅಲ್ಲಿಯ ಬೋಟಿನ ಅಮ್ಮನ ಗಂಡನಿಗೆ ಹಾರ್ಟಿನ ಆಪರೇಷನ್ ಆಗಿದೆ. ಈಗ ಬೋಟು ಆ ಅಮ್ಮನೇ ನೋಡಿಕೊಳ್ಳುದು. ಗಂಡ ಹೇಗಿದ್ದಾರೆ ಅಂತ ಕೇಳದೆ, ಹಗ್ಗ ಎಷ್ಟು ಸುತ್ತು ಅಂತ ಕೇಳ್ಲಿಕ್ಕಾಗ್ತದಾ?"

"ಆಗುದಿಲ್ಲ."

"ಅಲ್ವಾ? ನಾನು ಕೇಳುದರಿಂದಲೇ ಅವರು ಬೇರೆ ಅಂಗಡಿಗೆ ಹೋಗುದಿಲ್ಲ."

ಹಾಜಿಗಳಿಗೆ ಹೇಳಿ ನೋಡು, ನನ್ನದು ಕೆಲಸ ಮಾಡಿಕೊಡುವುದು ಮಾತ್ರ ಎಂದೆ. ಅವಳು, "ಮಾವನಿಗೆ ಈಗ ಬೇರೆಯೇ ತಲೆಬಿಸಿ ಉಂಟು ಸಾರ್. ನಾಳೆ ನಿಮ್ಗೇ ಗೊತ್ತಾಗ್ತದೆ," ಎಂದು ಫೋನಿಟ್ಟಳು.

ಗೊತ್ತಾಯಿತು. ಮರುದಿನ ನಾನು ಬೆಳಗಿನ ಸ್ನಾನ, ಜಪ ಮುಗಿಸಿ ಕಾಫಿಗೆ ಕೂರುವಾಗಲೇ ಹಾಜಿಗಳು ಫೋನು ಮಾಡಿದರು. ನನ್ನ ಕಾಫಿಯ ಹೊತ್ತಿಗೆ ಯಾರೂ ಫೋನು ಮಾಡುವುದಿಲ್ಲ, ಅವರಿಗೂ ಅದು ಗೊತ್ತು.

"ಭಟ್ರೇ, ನೀವು ಇಟ್ಟ ಫೋನಿಗೆ ಪ್ರೇತ ಹಿಡಿದ ಹಾಗೆ ಉಂಟು. ತನ್ನಷ್ಟಕ್ಕೇ ರಿಂಗ್ ಕೊಡ್ತದೆ."

"ಪ್ರೇತ ಎಲ್ಲ ನಮ್ಮ ಅಣ್ಣನ ಡಿಪಾರ್ಟ್‌ಮೆಂಟು ಹಾಜಿಗಳೇ. ಫೋನು ತನ್ನಷ್ಟಕ್ಕೆ ರಿಂಗ್ ಕೊಡುದಿಲ್ಲ. ಎಂತ ಆಯ್ತು?"

ಆದದ್ದು ಇದು. ಸಾಮಾನು ಕಟ್ಟುವ ಮೊದಲೇ ಟೆಂಪೋಗಳು ಬರತೊಡಗಿದ್ದವು. ಮೊದಲು ತಣ್ಣೀರುಬಾವಿಯ ಒಂದು, ಆಮೇಲೆ ಮತ್ತೊಂದು. ಹಿಂದಿನ ದಿನ ಉಳ್ಳಾಲದ ಟೆಂಪೋ ಬಂದು ಓಣಿಯ ಬಾಯಿಯಲ್ಲಿ ನಿಂತು ಬಂದರಿನ ಅರ್ಧ ಭಾಗವನ್ನೇ ನಿಲ್ಲಿಸಿತ್ತು. ಡ್ರೈವರು ಇಳಿದು, "ರಿಂಗ್ ಕೊಟ್ಟದ್ದು ಎಂತಕ್ಕೆ ಮಾರಾಯ್ರೆ? ಒಂದು ಸುತ್ತು ಹಗ್ಗ ಕೂಡ ಕಟ್ಟಿ ಇಟ್ಟಿಲ್ಲ!" ಎಂದು ಎಲ್ಲರ ಎದುರಿಗೆ ಕೂಗಿದ್ದ. ಪಕ್ಕದ ಅಂಗಡಿಯವರಿಗೆ ಪುಕ್ಕಟೆ ನಾಟಕ. ಅಂಗಡಿಯ ಒಂದು ರಿಂಗಿಗೆ ಇಷ್ಟು ವರ್ಷ ಇದ್ದ ಬೆಲೆ ಒಂದೇ ವಾರದಲ್ಲಿ ಇಳಿದಿತ್ತು. ರಿಂಗ್ ಕೊಡುವ ಕೆಲಸ ಸೊಸೆಯದು. ಹಾಗಾಗಿ ತಪ್ಪೂ ಅವಳದೇ ಎಂದಾಯಿತು. ಮನೆಯಲ್ಲಿ ಕುಳಿತವಳಿಗೆ ಗಮನವಿರುವುದಿಲ್ಲ, ಆ ಮೇಜನ್ನು ಕೊಟ್ಟಾರಕ್ಕೆ ತಂದು ಸಂಬಳದವರನ್ನು ಕೂರಿಸೋಣ ಎಂದು ಹಿರಿಯ ಮಗ ಹೇಳಿದ್ದನಂತೆ. ಹಾಜಿಗಳು ಇನ್ನೂ ಹೂಂ ಅಂದಿರಲಿಲ್ಲ. ಅಂದಿನ ಸಂಜೆ ಅನ್ನುವವರಿದ್ದರು.

"ಸಂಜೆ ಅಸರ್ ನಮಾಜು ಆದ ಮೇಲೆ ಬನ್ನಿ," ಎಂದರು. "ಫೋನಿನ ತಪ್ಪೋ, ಸೊಸೆಯ ತಪ್ಪೋ ಒಂದು ಹೇಳಿಬಿಡಿ. ನಂಗೆ ಎರಡೂ ಬೇಸರವೇ."

ಅವರು ಹೇಳಿದ ಹೊತ್ತಿಗೆ ಹೋದೆ. ಅಂಗಡಿಯ ಮಹಡಿಯಲ್ಲಿ ಹೊಸ ನೈಲಾನ್ ಬಲೆಯ ವಾಸನೆ. ಕಟ್ಟುಗಳ ನಡುವೆ ನಾಲ್ಕು ಕುರ್ಚಿ ಇಟ್ಟಿದ್ದರು. ಹಾಜಿಗಳು, ಹಿರಿಯ ಮಗ, ಸೊಸೆ. ಅತ್ತೆಯ ಬಳಿ ಅಂದು ಗಂಡನೇ ಕುಳಿತಿದ್ದಾನೆ ಎಂದು ಆಮೇಲೆ ತಿಳಿಯಿತು. ಕೆಳಗಿನ ಹೋಟೆಲಿನಿಂದ ಹಾಲಿಲ್ಲದ ಸುಲೈಮಾನಿ ಚಹಾ ಬಂತು. ನನ್ನದಕ್ಕೆ ಸಕ್ಕರೆ ಹಾಕಬಾರದು ಎಂದು ಹಾಜಿಗಳೇ ಕೂಗಿ ಹೇಳಿದರು.

ನಾನು ಚಹಾ ಮುಗಿಸಿ ಲೋಟ ಕೆಳಗಿಟ್ಟೆ. ಕೆಲಸದ ನಡುವೆ ಚಹಾ ಕುಡಿಯುವ ಅಭ್ಯಾಸ ನನಗಿಲ್ಲ. ಆಮೇಲೆ ಸೊಸೆಯನ್ನು ಕೇಳಿದೆ.

"ಉಳ್ಳಾಲಕ್ಕೆ ನಿನ್ನೆ ರಿಂಗ್ ಕೊಟ್ಟದ್ದು ನೀನಾ?"

"ನಾನು ಅವರ ಹತ್ರ ಮಾತಾಡಿದ್ದು ಹೌದು. ಆರ್ಡರ್ ತಗೊಂಡೆ, ಫೋನಿಟ್ಟೆ. ರಿಂಗ್ ಕೊಡ್ಲಿಲ್ಲ. ಸಾಮಾನು ಕಟ್ಟದೆ ರಿಂಗ್ ಕೊಡ್ಲಿಕ್ಕೆ ನಂಗೆ ಹುಚ್ಚಾ?"

"ಫೋನಿಟ್ಟ ಎಷ್ಟು ಹೊತ್ತಿಗೆ ಟೆಂಪೋ ಬಂತು?"

"ಉಳ್ಳಾಲದಿಂದ ಬರ್ಲಿಕ್ಕೆ ಬೇಕಾದಷ್ಟೇ ಹೊತ್ತು. ಫೋನಿಟ್ಟ ಕೂಡ್ಲೇ ಹೊರಟ ಹಾಗೆ."

ತಣ್ಣೀರುಬಾವಿಯದೂ ಹಾಗೆಯೇ ಆಗಿತ್ತೇ ಎಂದು ಕೇಳಿದೆ. ಹಾಗೆಯೇ ಎಂದಳು. ಪ್ರತಿ ಸಲವೂ ಮಾತು ಉದ್ದವಾಗಿತ್ತು, ಪ್ರತಿ ಸಲವೂ ಫೋನಿಟ್ಟ ಬೆನ್ನಿಗೆ ಅಂಗಡಿಯ ನಂಬರಿನಿಂದ ಒಂದು ರಿಂಗ್ ಹೋಗಿತ್ತು. ಅಂಗಡಿಯ ನಂಬರು ಮೂರು ಮೇಜುಗಳಿಗೆ ಸೇರಿದ್ದು. ಆ ರಿಂಗ್ ಸೊಸೆ ಕೊಟ್ಟದ್ದಲ್ಲ, ಹಾಜಿಗಳಂತೂ ಫೋನಿನ ಗುಂಡಿ ಒತ್ತುವವರೇ ಅಲ್ಲ. ನಾನು ಹಿರಿಯ ಮಗನ ಕಡೆ ತಿರುಗಿದೆ.

"ದೀಪ ಹಸಿರಾದ ಮೇಲೂ ನಂಬರು ನಿಮ್ಮ ಸ್ಕ್ರೀನಿನಲ್ಲಿ ಉಳೀತದಲ್ಲ. ಅದನ್ನು ನೀವು ಎಂತ ಮಾಡ್ತೀರಿ?"

"ಎಂತ ಮಾಡುದು ಸಾರ್? ಗೊತ್ತಿಲ್ಲದ ನಂಬರು ಇದ್ರೆ ಒಮ್ಮೆ ಒತ್ತಿ ನೋಡ್ತೇನೆ. ಒತ್ತಿದ್ರೆ ಹೆಸರು ಬರ್ತದೆ. ಹೆಸರು ಬಂದ ಕೂಡ್ಲೇ ಕಟ್ ಮಾಡ್ತೇನೆ. ರಿಂಗ್ ಆಗುವ ಮೊದ್ಲೇ."

"ಮೊದ್ಲೇ ಅಂತ ನಿಮ್ಗೆ ಕಾಣುದು. ಅಷ್ಟರಲ್ಲಿ ಅಲ್ಲಿ ಒಂದು ರಿಂಗ್ ಆಗಿರ್ತದೆ."

ಕೆಳಗೆ ಯಾರೋ ಗಾಡಿ ಹಿಂದಕ್ಕೆ ತೆಗೆಯಲು ಕೂಗುತ್ತಿದ್ದರು.

"ಒಂದು ರಿಂಗ್ ಆದ್ರೆ ಎಂತ ಆಗ್ತದೆ ಅಂತ ನಿಮ್ಗೆ ಗೊತ್ತಿಲ್ವಾ?" ಎಂದು ಸೊಸೆ ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು.

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆ ಪದ್ಧತಿ ಶುರುವಾದದ್ದು ಅವನು ಗಲ್ಫ್‌ಗೆ ಹೋದ ಮೇಲೆ. ಅಲ್ಲಿದ್ದಾಗ ಅವನೂ ಮನೆಗೆ ಒಂದು ರಿಂಗ್ ಕೊಡುತ್ತಿದ್ದ. ಅದಕ್ಕೆ 'ಸೌಖ್ಯವಾಗಿದ್ದೇನೆ, ಎತ್ತಬೇಡಿ' ಎಂದರ್ಥ. ಅವನ ಮಟ್ಟಿಗೆ ಒಂದು ರಿಂಗ್ ಯಾರನ್ನೂ ಎಬ್ಬಿಸುವಂಥದ್ದಲ್ಲ.

ಹಾಜಿಗಳು ಮಗನಿಗೆ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ನನಗೆ ಪೂರ್ತಿ ತಿಳಿಯಲಿಲ್ಲ, ತಿಳಿಯಬೇಕಾದ ಅಗತ್ಯವೂ ಇರಲಿಲ್ಲ. ಮಗ ತಲೆ ತಗ್ಗಿಸಿದ. ಆದರೆ ವ್ಯಾಪಾರಸ್ಥನ ಮಗ, ಬೇಗ ಸೋಲುವವನಲ್ಲ.

"ಸರಿ, ಇನ್ನು ಒತ್ತುದಿಲ್ಲ. ಆದ್ರೆ ನನ್ನ ಮಾತು ಮಾತೇ. ಡೆಸ್ಕು ಕೊಟ್ಟಾರದಲ್ಲಿದ್ರೆ ಇಂಥದ್ದೆಲ್ಲ ಬರುದೇ ಇಲ್ಲ. ಎಲ್ಲ ನನ್ನ ಕಣ್ಣೆದುರಿಗೇ ಇರ್ತದೆ."

"ಅತ್ತೆಯನ್ನೂ ಕೊಟ್ಟಾರಕ್ಕೆ ತರ್ತೀರಾ ಭಾವ?" ಎಂದಳು ಸೊಸೆ. "ಮಂಚ ಶೋರೂಮಿನಲ್ಲಿ ಹಾಕುವಾ. ಟಾರ್ಪಾಲಿನ ಬದಿಗೆ."

ಹಾಜಿಗಳಿಗೆ ನಗು ತಡೆಯಲಾಗಲಿಲ್ಲ. ಕೆಮ್ಮಿದ ಹಾಗೆ ಮಾಡಿ ಮುಖ ಒರೆಸಿಕೊಂಡರು.

"ತಮಾಷೆ ಬೇಡ," ಎಂದ ಮಗ. "ನಂಗೆ ಒಂದು ಸರಿಯಾದ ಕಾರಣ ಉಂಟು. ಗಿರಾಕಿಗಳು ಕೊಟ್ಟಾರಕ್ಕೂ ಫೋನು ಮಾಡ್ತಾರೆ. ಇವಳು ಬಿಡುವಾಗಿದ್ದಾಳಾ ಅಂತ ತಿಳೀದಿದ್ರೆ ನಾನು ಅವರನ್ನು ಇವಳಿಗೆ ಕೊಡುದು ಹೇಗೆ?"

ಅದು ಸರಿಯಾದ ಕಾರಣವೇ ಆಗಿತ್ತು. ಹಾಗೆಂದು ನಾನು ಹೇಳಿಯೂಬಿಟ್ಟೆ. ಆಮೇಲೆ ಮುಂದುವರಿಸಿದೆ. ಆ ಹೊತ್ತಿನಲ್ಲಿ ಮಾತಾಡಬೇಕಾದವನು ನಾನೇ ಎಂದು ನನಗೆ ಸ್ಪಷ್ಟವಿತ್ತು.

"ನೋಡಿ, ಈ ಫೋನುಗಳ ನಡುವೆ ಒಂದು ಮರ್ಯಾದೆ ಉಂಟು. ಇನ್ನೊಂದು ಫೋನಿನ ಸುದ್ದಿ ಬೇಕಾದ್ರೆ ಕೇಳ್ಬೇಕು. ಯಾವ ಸುದ್ದಿ ಅಂತ ಹೇಳ್ಬೇಕು. ಕೊಡುದಾ ಬಿಡುದಾ, ಎಷ್ಟು ಹೊತ್ತು ಕೊಡುದು, ಇದನ್ನು ಹೇಳುವವರು ಸುದ್ದಿ ಇರುವವರು. ಕೇಳುವವರಲ್ಲ. ನೀವು ಕೊಟ್ಟಾರದಲ್ಲಿ ಕೂತು ಎಲ್ಲ ತೆರೆದಿಡಿ ಅಂದ್ರಿ, ನಾನು ತೆರೆದಿಟ್ಟೆ. ಈಗ ಅದನ್ನು ಕ್ರಮಕ್ಕೆ ತರುವಾ. ಪ್ರಶ್ನೆ ಕೂಳೂರಿನ ಮೇಜಿಗೆ ಹೋಗ್ಲಿ. ಉತ್ತರ ಅಲ್ಲಿಂದ ಬರ್ಲಿ."

"ಅಂದ್ರೆ ಇವಳು ಬೇಡ ಅಂದ್ರೆ ಬೇಡವಾ?"

"ಬೇಡ ಅಂದ್ರೆ ಬೇಡ."

"ಇದು ಫೋನಿನ ಕಾನೂನಾ, ನಿಮ್ಮ ಕಾನೂನಾ ಸಾರ್?"

"ಫೋನಿನದ್ದು. ನಂದೂ ಅದೇ."

ಹಾಜಿಗಳು ಸೊಸೆಯ ಕಡೆ ನೋಡಿ, "ಹೇಳು ಮಗಳೇ, ನೀನು ಎಂತ ಕೊಡ್ತಿ?" ಎಂದು ಕೇಳಿದರು. ಅಂಗಡಿಯಲ್ಲಿ ಗಿರಾಕಿಯನ್ನು ಕೇಳುವ ಧಾಟಿಯಲ್ಲೇ ಕೇಳಿದರು. ಅವಳಿಗೂ ಅದರಿಂದ ಹಗುರವಾದ ಹಾಗೆ ಕಂಡಿತು.

"ಬಿಡುವಾ, ಮಾತಾಡ್ತಾ ಇದ್ದೇನಾ, ಅದನ್ನು ಕೊಡ್ತೇನೆ. ಅಂಗಡಿ ತೆರೆದಲ್ಲಿಂದ ಮುಚ್ಚುವವರೆಗೆ. ಆಮೇಲೆ ಅದು ಮನೆಯ ಫೋನು, ಯಾರಿಗೂ ಇಲ್ಲ."

"ಯಾರ ಹತ್ರ ಅಂತ?" ಎಂದ ಭಾವ.

"ಅದು ಇಲ್ಲ."

"ಉದ್ದ ಮಾತು ಆದ್ರೆ ಮಾತ್ರ..."

"ಇಲ್ಲ ಭಾವ. ಯಾರು, ಎಷ್ಟು ಆರ್ಡರು, ಸಂಜೆ ನಾನೇ ಫೋನು ಮಾಡಿ ಹೇಳ್ತೇನೆ. ಕೇಳದೆಯೇ ಹೇಳ್ತೇನೆ. ನೀವು ಇಣುಕಿ ನೋಡುದು ಮಾತ್ರ ಬೇಡ."

ಅವನು ಅಪ್ಪನ ಕಡೆ ನೋಡಿದ. ಅಪ್ಪ ಬಲೆಯ ಒಂದು ಕಟ್ಟಿನ ಗಂಟನ್ನು ಬೆರಳಿನಿಂದ ಪರೀಕ್ಷಿಸುತ್ತಿದ್ದರು. ಅಲ್ಲಿಂದ ಸಹಾಯ ಬರುವ ಲಕ್ಷಣವಿರಲಿಲ್ಲ.

"ಇನ್ನೊಂದುಂಟು," ಎಂದಳು ಸೊಸೆ. "ನಂಗೂ ಭಾವನ ದೀಪ ಬೇಕು."

"ನಂದಾ? ನಂದು ಎಂತಕ್ಕೆ?"

"ಗಿರಾಕಿ ದೊಡ್ಡ ಆರ್ಡರಿಗೆ ರೇಟು ಕಡಿಮೆ ಮಾಡಿ ಅಂತಾರೆ. ನಿಮ್ಮನ್ನು ಕೇಳದೆ ನಾನು ಮಾಡುದಿಲ್ಲ. ನಿಮ್ಗೆ ಫೋನು ಮಾಡಿದ್ರೆ ಎತ್ತುದಿಲ್ಲ. ಫೋನಿನಲ್ಲಿದ್ದೀರಾ, ಊಟಕ್ಕೆ ಹೋದ್ರಾ, ಒಂದೂ ಗೊತ್ತಾಗುದಿಲ್ಲ. ಗಿರಾಕಿ ಅಲ್ಲಿ ಲೈನಿನಲ್ಲಿ ಕಾಯ್ತಾರೆ."

"ನಾನು ಊಟಕ್ಕೆ ಹೋದ್ದು ನಿಂಗೆ ಗೊತ್ತಾಗ್ಬೇಕಾ?"

"ಬೇಡ. ಬಿಡುವಾ, ಮಾತಾ, ಅಷ್ಟೇ ಸಾಕು. ನೀವು ಯಾರ ಹತ್ರ ಮಾತಾಡಿದ್ರೆ ನಂಗೆಂತ?"

ಹಾಜಿಗಳು ಈಗ ಜೋರಾಗಿಯೇ ನಕ್ಕರು. "ಕೊಡು ಮಾರಾಯ, ಕೊಡು. ನೀನು ಕೇಳಿದ್ದನ್ನೇ ಅವಳು ಕೇಳಿದ್ದು. ಅವಳು ಕಡಿಮೆ ಕೇಳಿದ್ದಾಳೆ." ಆಮೇಲೆ ನನ್ನ ಕಡೆ ತಿರುಗಿ, "ಭಟ್ರೇ, ನನ್ನ ಮೇಜಿನಲ್ಲಿಯೂ ಒಂದು ದೀಪ ಇಟ್ಟಿದ್ದೀರಲ್ಲ. ಅದನ್ನು ತೆಗೀರಿ. ನಂಗೆ ಸೊಸೆ ಬಿಡುವಾಗಿದ್ದಾಳಾ ಅಂತ ನೋಡ್ಲಿಕ್ಕಿಲ್ಲ. ಬೇಕಾದ್ರೆ ಫೋನು ಮಾಡ್ತೇನೆ, ಎತ್ತದಿದ್ರೆ ಕಾಯ್ತೇನೆ. ಮೊದ್ಲು ಹಾಗೆಯೇ ಅಲ್ವಾ ಇದ್ದದ್ದು?" ಎಂದರು.

ಮೇಜು ಕೂಳೂರಿನಲ್ಲೇ ಇರುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಸೊಸೆ ಎದ್ದು, ಶಾಲು ಸರಿಮಾಡಿಕೊಂಡು, "ಉಳ್ಳಾಲದ ಅಮ್ಮನಿಗೆ ಈಗ ಯಾರು ಫೋನು ಮಾಡುದು?" ಎಂದು ಕೇಳಿದಾಗ ಹಿರಿಯ ಮಗ, "ನಾನು ಮಾಡ್ತೇನೆ," ಎಂದ. ಅಲ್ಲೇ ಮಾಡಿದ. ಹಿಂದಿನ ದಿನದ ರಿಂಗ್ ತನ್ನ ಕೈಯಿಂದ ಆದದ್ದು, ಟೆಂಪೋ ಬಾಡಿಗೆ ಅಂಗಡಿಯದ್ದು ಎಂದು ಹೇಳಿದ. ಆ ಕಡೆಯಿಂದ ಬಂದ ಬೈಗುಳ ನಮಗೆಲ್ಲ ಕೇಳಿಸಿತು. ಒಳ್ಳೆಯ ಗಟ್ಟಿ ತುಳು. ಅವನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು, "ಆವು ಅಮ್ಮಾ, ಆವು," ಎಂದು ಎಲ್ಲದಕ್ಕೂ ಒಪ್ಪಿಕೊಳ್ಳುತ್ತ ಕೊನೆಯವರೆಗೂ ಕೇಳಿದ. ಕೇಳಿದ್ದು ಒಳ್ಳೆಯದಾಯಿತು. ಆ ಬೋಟಿನ ಹಗ್ಗ ಇಂದಿಗೂ ಆ ಅಂಗಡಿಯಿಂದಲೇ ಹೋಗುತ್ತದೆ.

ಮರುದಿನ ಬೆಳಿಗ್ಗೆ ನಾನು ಕೂಳೂರಿಗೆ ಹೋದೆ. ಸೇತುವೆಯ ಮೇಲೆ ಎಂದಿನಂತೆ ಲಾರಿಗಳ ಸಾಲು. ನಾನು ಯಾವಾಗಲೂ ಬೇಗ ಹೊರಡುವುದರಿಂದ ಹೇಳಿದ ಹೊತ್ತಿಗೇ ತಲುಪಿದೆ. ಸೊಸೆ ಬಾಗಿಲು ತೆಗೆದಳು. ಒಳಗಿನ ಕೋಣೆಯಿಂದ ಅತ್ತೆ ಯಾರು ಬಂದದ್ದು ಎಂದು ವಿಚಾರಿಸಿದರು. "ಫೋನಿನ ಭಟ್ರು," ಎಂದಳು ಇವಳು. ನಾನು ತಿದ್ದಲಿಲ್ಲ.

ಕೆಲಸ ಸುಲಭದ್ದು. ಎಲ್ಲರಿಗೂ ಎಲ್ಲವನ್ನೂ ಹೇಳು ಎಂಬ ಅಪ್ಪಣೆಯನ್ನು ಎಕ್ಸ್‌ಚೇಂಜಿನಿಂದ ತೆಗೆದೆ. ನಂಬರು ಹೊತ್ತು ಬರುವ ಬಗೆಯ ಸುದ್ದಿಯನ್ನು ನಿಲ್ಲಿಸಿದೆ. ಬಿಡುವೋ ಮಾತೋ ಎಂಬ ಸಾದಾ ಸುದ್ದಿಯನ್ನಷ್ಟೇ ಉಳಿಸಿದೆ. ಅಂಗಡಿ ಮುಚ್ಚುವ ಹೊತ್ತಿಗೆ ಅದೂ ತನ್ನಷ್ಟಕ್ಕೆ ಮುಗಿಯಬೇಕು, ಬೆಳಿಗ್ಗೆ ಹೊಸದಾಗಿ ಕೇಳಬೇಕು ಎಂದು ಇಟ್ಟೆ. ಯಾರಾದರೂ ಕೇಳಿದರೆ ಅವಳ ಫೋನಿನ ಪರದೆಯಲ್ಲಿ ಕಾಣುತ್ತದೆ, ಅವಳು ಒಪ್ಪಿಗೆ ಒತ್ತುವವರೆಗೆ ಆ ಕೇಳಿಕೆ ಅಲ್ಲೇ ಬಾಕಿ ನಿಂತಿರುತ್ತದೆ. ಹೇಗೆ ಒತ್ತುವುದು ಎಂದು ಒಮ್ಮೆ ತೋರಿಸಿದೆ. ಎರಡನೆಯ ಸಲ ತೋರಿಸಬೇಕಾಗಲಿಲ್ಲ.

ನಾನು ಉಪಕರಣ ಚೀಲಕ್ಕೆ ತುಂಬುತ್ತಿದ್ದಾಗ ಅವಳಿಗೆ ಫೋನು ಬಂತು. ತಣ್ಣೀರುಬಾವಿಯ ಒಬ್ಬ ಬೋಟಿನವರದು. ಬಲೆಗೆ ಕಟ್ಟುವ ಫ್ಲೋಟಿನ ಲೆಕ್ಕ, ಆಮೇಲೆ ಅವರ ಮಗಳ ಮದುವೆಯ ವಿಷಯ, ಆಮೇಲೆ ಮತ್ತೆ ಫ್ಲೋಟು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಕೊಟ್ಟಾರದ ಕೇಳಿಕೆ ಬಂದು ನಿಂತಿತು. ಅವಳು ಅದನ್ನು ನೋಡಿದಳು. ನೋಡಿಯೂ ಮದುವೆಯ ಹಾಲ್ ಯಾವುದೆಂದು ವಿಚಾರಿಸುವುದನ್ನು ಮುಂದುವರಿಸಿದಳು.

ನನ್ನ ಮೊಬೈಲು ರಿಂಗಾಯಿತು. ಹಿರಿಯ ಮಗ.

"ಸಾರ್, ದೀಪ ಬರ್ಲಿಲ್ಲ."

"ಕೇಳಿದ್ದು ಮುಟ್ಟಿದೆ."

"ಮುಟ್ಟಿದ್ರೆ ಬರ್ಬೇಕಲ್ಲ?"

"ಮುಟ್ಟುದು ಬೇರೆ, ಒಪ್ಪುದು ಬೇರೆ. ಕಾಯಿರಿ."

"ಎಷ್ಟು ಹೊತ್ತು?"

"ಅದು ನನ್ನ ಕೈಯಲ್ಲಿಲ್ಲ."

ಅವನು ಲೈನಿನಲ್ಲೇ ಇದ್ದ. ಹೆದ್ದಾರಿಯ ಬಸ್ಸುಗಳ ಹಾರ್ನು ಕೇಳಿಸುತ್ತಿತ್ತು. ಇಲ್ಲಿ ಆರ್ಡರು ಮುಗಿಯಿತು. ಅವಳು ಆಚೆ ಕಡೆಯವರಿಗೆ ಆರ್ಡರನ್ನು ಮತ್ತೊಮ್ಮೆ ಓದಿ ಹೇಳಿ, ಅವರು ಸರಿ ಎಂದ ಮೇಲೆ ಫೋನಿಟ್ಟಳು. ಬಿಸಿಯಾದ ಕಿವಿಯನ್ನು ಒಮ್ಮೆ ಉಜ್ಜಿಕೊಂಡಳು. ಒಪ್ಪಿಗೆ ಒತ್ತಿದಳು.

"ಬಂತು ಸಾರ್," ಎಂದ ಅವನು. "ಹಸಿರು."

"ಸರಿ."

ಅಷ್ಟರಲ್ಲಿ ಅವಳಿಗೆ ಮತ್ತೊಂದು ಫೋನು ಬಂತು. ಅವಳು ಎತ್ತಿ ಸಲಾಂ ಹೇಳಿದಳು.

"ಈಗ ಕೆಂಪು."

"ಹೌದು."

"ಯಾರು ಅಂತ ಗೊತ್ತಾಗುದಿಲ್ಲ ಇದ್ರಲ್ಲಿ."

"ಇಲ್ಲ," ಎಂದೆ.

"ಆಯ್ತು ಸಾರ್," ಎಂದ. "ಸಂಜೆ ಹೇಳ್ತಾಳಲ್ಲ." ಫೋನಿಟ್ಟ.